ಆಡು ಆಡಿತು

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಮೊದಲು ಕೈ ಮುಗಿಯಿರಿ. ಬಾಯಿ ಕೊಟ್ಟ ದೇವರಿಗೆ ಒಂದು ಸಲ. ಕಿವಿ ಕೊಟ್ಟ ದೇವರಿಗೆ ಎರಡು ಸಲ. ಬಾಯಿ ಒಂದೇ, ಕಿವಿ ಎರಡು, ಅದಕ್ಕೆ. ಆಯಿತೇ? ಈಗ ಕೇಳಿ.

ಒಂದು ಗುಡ್ಡ. ಗುಡ್ಡದ ಹೆಸರು ನ್ಯಾಯಗುಡ್ಡ. ಗುಡ್ಡದ ಬುಡದಲ್ಲಿ ಒಂದು ಊರು. ಊರಲ್ಲಿ ಒಂದು ಆಡು. ಅವಳ ಹೆಸರು ಬೆಳ್ಳವ್ವ.

ಬೆಳ್ಳವ್ವನಿಗೆ ವಯಸ್ಸಾಗಿತ್ತು. ಕಣ್ಣು ಮಂಜು ಮಂಜು. ಆದರೆ ದೇವರು ದೊಡ್ಡವನು. ಆ ವಯಸ್ಸಿನಲ್ಲೂ ಅವಳ ಮಡಿಲಿಗೆ ಒಂದು ಮರಿ ಹಾಕಿದ್ದ. ಮರಿಯ ಹೆಸರು ಚೆಂಗ.

ಚೆಂಗ ನಿಂತಲ್ಲಿ ನಿಲ್ಲುವವನಲ್ಲ. ಚಿಟ್ಟೆ ಕಂಡರೆ ಚೆಂಗ್! ಎಲೆ ಅಲುಗಿದರೆ ಚೆಂಗ್! ಏನೂ ಇಲ್ಲದಿದ್ದರೂ ಚೆಂಗ್! ಊರಾಚೆ ಕುರುಚಲು ಕಾಡು. ಕಾಡಿನಲ್ಲಿ ತೋಳ. ಅದಕ್ಕೇ ಚೆಂಗನ ಕೊರಳಿಗೆ ಒಂದು ಪುಟ್ಟ ಗಂಟೆ ಕಟ್ಟಿತ್ತು. ಟಿಣ್ ಟಿಣ್ ಹತ್ತಿರ ಕೇಳಿದರೆ ಬೆಳ್ಳವ್ವ ಮೇಯುತ್ತಾಳೆ. ಟಿಣ್ ಟಿಣ್ ದೂರ ಕೇಳಿದರೆ ಬೆಳ್ಳವ್ವ ಓಡುತ್ತಾಳೆ. ಕಣ್ಣಿಗೆ ಕಾಣದ ಮಗ ಅವಳ ಕಿವಿಗೆ ಕಾಣುತ್ತಿದ್ದ.

ಒಂದು ದಿನ ಬೆಳಿಗ್ಗೆ ದಾರ ಸವೆದು ಹರಿಯಿತು. ಗಂಟೆ ಬಿತ್ತು. ಟಿಣ್!

ಹುಂಜಣ್ಣ ಬಂದ. ಆ ಕಡೆ ನೋಡಿದ. ಈ ಕಡೆ ನೋಡಿದ. ಕೊಕ್ಕಿನಲ್ಲಿ ಕಚ್ಚಿಕೊಂಡು ಹೋದ.

ಗಂಟೆಯ ಸದ್ದು ಹಿಡಿದು ಬೆಳ್ಳವ್ವ ಹುಂಜಣ್ಣನ ತಿಪ್ಪೆಗೆ ಹೋದಳು.

"ಹುಂಜಣ್ಣ, ಹುಂಜಣ್ಣ, ನನ್ನ ಮಗನ ಗಂಟೆ ಕೊಡಣ್ಣ."

"ಕೊಡಲ್ಲ," ಅಂದ ಹುಂಜಣ್ಣ. ಅಂದದ್ದು ಪಿಸುಮಾತಿನಲ್ಲಿ. ಪಾಪ, ಅವನಿಗೆ ನೆಗಡಿ. ಗಂಟಲು ಕಟ್ಟಿ ಒಂದು ವಾರವಾಗಿತ್ತು. ಕೂಗಲು ಹೋದರೆ ಕಿರ್ರ್ ಅನ್ನುತ್ತಿತ್ತು. "ನಾನು ಕೂಗದಿದ್ದರೆ ಸೂರ್ಯ ಏಳೋದು ಹೇಗೆ? ಇನ್ನು ಮೇಲೆ ಗಂಟೆ ಹೊಡೆದೇ ಎಬ್ಬಿಸ್ತೀನಿ."

"ಒಂದು ವಾರದಿಂದ ನೀನು ಕೂಗಿಲ್ಲ. ಸೂರ್ಯ ಎದ್ದಿದ್ದಾನಲ್ಲಣ್ಣ?"

"ಎದ್ದಿದ್ದಾನೆ. ಆದರೆ ಮುಖ ತೊಳೆದಿಲ್ಲ. ನೋಡು, ಎಷ್ಟು ಮೋಡ!"

"ಅದು ನನ್ನ ಮಗನದ್ದಣ್ಣ."

"ಬಿದ್ದದ್ದು ಸಿಕ್ಕವರದ್ದು. ಬೇಕಾದರೆ ಕೋರ್ಟಿಗೆ ಹೋಗು!"

ಬೆಳ್ಳವ್ವ ದೇವರನ್ನು ನೆನೆದಳು. ಕೋರ್ಟಿಗೆ ಹೊರಟಳು. ಚೆಂಗ ಹಿಂದೆ. ಗಂಟೆಯಿಲ್ಲ, ಸದ್ದಿಲ್ಲ. ಮಗ ಬರುತ್ತಿದ್ದಾನೋ ಇಲ್ಲವೋ, ತಿಳಿಯುವುದು ಹೇಗೆ?

ನಾಲ್ಕು ಹೆಜ್ಜೆ ನಡೆದಳು. "ಮಗಾ, ಇದ್ದೀಯಾ?"

"ಇದ್ದೀನವ್ವಾ!"

ಮತ್ತೆ ನಾಲ್ಕು ಹೆಜ್ಜೆ. "ಮಗಾ, ಇದ್ದೀಯಾ?"

"ಇದ್ದೀನವ್ವಾ!"

ಗುಡ್ಡದ ಬುಡದಲ್ಲಿ ತಾಲ್ಲೂಕು ಕೋರ್ಟು. ಮೊದಲು ಹೋಗಬೇಕಾದ ಕೋರ್ಟು ಅದೇ. ಅಲ್ಲಿನ ಜಡ್ಜು ಕೋಣರಾಯರು. ಬಾಗಿಲಲ್ಲಿ ಕಾಗೆ ದಫೇದಾರ. ಹೆಸರು ಹಿಡಿದು ಕೂಗುವುದು ಅವನ ಕೆಲಸ. ಅವನ ತಲೆಯ ಮೇಲೆ ಒಂದು ರುಮಾಲು.

"ಯಾರಮ್ಮ? ಏನಾಯ್ತು?"

"ಗಂಟೆ ಬಿತ್ತಣ್ಣ. ಹುಂಜಣ್ಣ ಎತ್ತಿದ. ಕೇಳಿದರೆ ಕೊಡಲಿಲ್ಲ. ಅದಕ್ಕೇ ಕೋಣರಾಯರ ಹತ್ತಿರ ಬಂದೆ."

ಹುಂಜಣ್ಣನನ್ನೂ ಕರೆಸಿದರು. ಒಬ್ಬರನ್ನೇ ನಿಲ್ಲಿಸಿಕೊಂಡು ನ್ಯಾಯ ಹೇಳುವಂತಿಲ್ಲ ಮಕ್ಕಳೇ. ಇಬ್ಬರೂ ಇರಬೇಕು.

ಕಾಗೆ ಕೂಗಿತು. "ಆಡು! ಆಡು! ಆಡು!"

"ಇದ್ದೇನೆ ಬುದ್ಧೀ," ಅಂದಳು ಬೆಳ್ಳವ್ವ.

ಕೋಣರಾಯರು ಮೆಲುಕು ಹಾಕುತ್ತಿದ್ದರು. ಬಾಯಿ ತುಂಬ ಹುಲ್ಲು. "ಹೂಂ," ಅಂದರು. "ಆಡು."

ಅವರು ಹೇಳಿದ್ದು, ಮಾತು ಆಡು ಅಂತ. ಹುಲ್ಲಿನ ನಡುವೆ ಮಾತು ಒಳಗೇ ಉಳಿಯಿತು, ಆಡು ಮಾತ್ರ ಹೊರಗೆ ಬಂತು.

ಬೆಳ್ಳವ್ವ ಬೆಚ್ಚಿದಳು. "ಆಡಬೇಕೇ? ಈ ವಯಸ್ಸಿನಲ್ಲಿ? ಶಿವನೇ! ಆದರೂ ದೊಡ್ಡವರು ಹೇಳಿದ ಮೇಲೆ ಇಲ್ಲ ಅನ್ನಬಾರದು."

ಆಡಿದಳು. ಒಂದು ಸಲ ಕುಪ್ಪಳಿಸಿದಳು. ಎರಡು ಸಲ ಕುಪ್ಪಳಿಸಿದಳು. ಮೂರು ಸಲ ಕುಪ್ಪಳಿಸಿ ಮೇಜಿನ ಕಾಲಿಗೆ ಹಾಯ್ದಳು. ಡಬ್! ಚೆಂಗ ಖುಷಿಯಾಗಿ ತಾನೂ ಕುಣಿದ. ಹುಂಜಣ್ಣನಿಗೆ ಗಂಟಲಿಲ್ಲ, ಅವನು ಕುತ್ತಿಗೆ ಬಗ್ಗಿಸಿ ಸುಮ್ಮನೆ ನಿಂತ.

ಕೋಣರಾಯರು ನೋಡಿದರು. "ಗಂಟೆ ಕಳೆದುಕೊಂಡವಳು ಕುಣಿಯುತ್ತಿದ್ದಾಳೆ. ಎತ್ತಿಕೊಂಡವನು ಮುಖ ಸಪ್ಪೆ ಮಾಡಿದ್ದಾನೆ. ದುಃಖ ಇರುವುದು ಇವನಿಗೇ. ಗಂಟೆ ಹುಂಜನದು!"

ಗುಮಾಸ್ತ ಅಳಿಲು ಬಾಲವನ್ನು ಮಸಿಗೆ ಅದ್ದಿತು. ಒಂದು ಹಲಸಿನ ಎಲೆ ತೆಗೆದುಕೊಂಡಿತು. ಕಣ್ಣಾರೆ ಕಂಡದ್ದನ್ನೇ ಬರೆಯಿತು. *ಆಡು ಆಡಿತು. ಗಂಟೆ ಹುಂಜನದು.*

ಬೆಳ್ಳವ್ವ ಅತ್ತಳು. ಕಾಗೆ ಹತ್ತಿರ ಬಂದು ಹೇಳಿತು. "ಅಳಬೇಡಮ್ಮ. ಇಲ್ಲಿ ಸೋತರೇನಂತೆ? ಮೇಲೆ ಹೋಗು."

"ಮೇಲೆ ಹೋಗಲೇ? ಅಯ್ಯೋ! ನನ್ನ ಮರಿ ಇನ್ನೂ ಚಿಕ್ಕದಣ್ಣ!"

"ಥೂ, ಬಿಡ್ತು ಅನ್ನು! ಅಷ್ಟು ಮೇಲಲ್ಲ. ಮೇಲಿನ ಕೋರ್ಟಿಗೆ."

ಕೆಳಗೆ ತಪ್ಪಾಗಿದೆ, ನೋಡಿ ಸ್ವಾಮಿ ಅಂತ ಮೇಲೆ ಹೋಗಿ ಕೇಳುವುದಕ್ಕೆ ಮೇಲ್ಮನವಿ ಅನ್ನುತ್ತಾರೆ ಮಕ್ಕಳೇ. ತಪ್ಪು ಯಾರಿಗೂ ತಪ್ಪಿದ್ದಲ್ಲ. ಅದಕ್ಕೇ ಹಿರಿಯರು ಒಂದೇ ಬಾಗಿಲು ಇಡಲಿಲ್ಲ. ಬಾಗಿಲ ಮೇಲೆ ಬಾಗಿಲು ಇಟ್ಟರು.

ಬೆಳ್ಳವ್ವ ಎಲೆಯನ್ನು ಕೊಂಬಿಗೆ ಸಿಕ್ಕಿಸಿಕೊಂಡಳು. ಹಲಸಿನ ಎಲೆ! ಘಮ್ಮನೆ ವಾಸನೆ!

"ಅವ್ವಾ, ಹಸಿವು. ಆ ಎಲೆ ತಿನ್ನಲೇ?"

"ಬೇಡ ಮಗಾ. ಅದು ಎಲೆಯಲ್ಲ, ಕಡತ."

ನಾಲ್ಕು ಹೆಜ್ಜೆ ಹತ್ತಿದಳು. "ಮಗಾ, ಇದ್ದೀಯಾ?"

"ಇದ್ದೀನವ್ವಾ!"

ಗುಡ್ಡದ ಮೊದಲ ಮಟ್ಟದಲ್ಲಿ ಜಿಲ್ಲಾ ಕೋರ್ಟು. ಅಲ್ಲಿನ ಜಡ್ಜು ಆಮೆರಾಯರು. ಬಾಗಿಲಲ್ಲಿ ಅದೇ ಕಾಗೆ. ಹಾರಿ ಮೊದಲೇ ಬಂದು ನಿಂತಿತ್ತು. ತಲೆಯ ಮೇಲೆ ಎರಡು ರುಮಾಲು.

"ಯಾರಮ್ಮ? ಏನಾಯ್ತು?"

"ನೀನೇ ಅಲ್ಲವೇನಣ್ಣ ಈಗ ಕೆಳಗಿದ್ದವನು?"

"ಆ ಕೋರ್ಟು ಬೇರೆ, ಈ ಕೋರ್ಟು ಬೇರೆ. ಮೊದಲಿನಿಂದ ಹೇಳು."

"ಗಂಟೆ ಬಿತ್ತಣ್ಣ. ಹುಂಜಣ್ಣ ಎತ್ತಿದ. ಕೇಳಿದರೆ ಕೊಡಲಿಲ್ಲ. ಕೋಣರಾಯರು ಆಡು ಅಂದರು, ಆಡಿದೆ, ಸೋತೆ. ಅದಕ್ಕೇ ಆಮೆರಾಯರ ಹತ್ತಿರ ಬಂದೆ."

ಆಮೆರಾಯರು ಚಿಪ್ಪಿನಿಂದ ತಲೆ ಹೊರಗೆ ತೆಗೆದರು. ಅದಕ್ಕೇ ಸ್ವಲ್ಪ ಹೊತ್ತಾಯಿತು. ಎಲೆ ಓದಿದರು.

"ಆ... ಡು..."

ಚೆಂಗ ಒಂದು ಸಲ ಆಕಳಿಸಿದ.

"ಆ... ಡಿ... ತು."

ಚೆಂಗ ಒಂದು ನಿದ್ದೆ ಮಾಡಿ ಎದ್ದ.

"ಆಡು ಆಡಿತು. ಹಾಗೆಂದರೆ ಮಾತಾಡಿದೆ. ಹೇಳುವುದನ್ನೆಲ್ಲ ಕೆಳಗೇ ಹೇಳಿದೆ. ಇನ್ನೇನು?"

"ಇಲ್ಲ ಬುದ್ಧೀ, ನಾನು..."

"ಶ್!" ಅಂದಿತು ಕಾಗೆ. "ಆಡಿದ್ದಾಗಿದೆ ಅಂತ ಬರೆದಿದೆ!"

ಆಮೆರಾಯರು ಇನ್ನೊಂದು ಹಲಸಿನ ಎಲೆಯ ಮೇಲೆ ಬರೆದರು. *ಆಡಿದ್ದು ಸಾಕು.* ತಲೆ ಒಳಗೆ ಎಳೆದುಕೊಂಡರು.

ಬೆಳ್ಳವ್ವ ಕಣ್ಣೊರೆಸಿಕೊಂಡಳು. ಈಗ ಕೊಂಬಿನಲ್ಲಿ ಎರಡು ಎಲೆ. ಕೊಂಬಿನ ತುಂಬ ಘಮಘಮ.

"ಅವ್ವಾ, ಎರಡಿವೆ. ಒಂದು ತಿನ್ನಲೇ?"

"ಬೇಡ ಮಗಾ. ಅದು ಎಲೆಯಲ್ಲ, ಕಡತ."

ನಾಲ್ಕು ಹೆಜ್ಜೆ ಹತ್ತಿದಳು. "ಮಗಾ, ಇದ್ದೀಯಾ?"

"ಇದ್ದೀನವ್ವಾ!"

ಗುಡ್ಡದ ಎರಡನೆಯ ಮಟ್ಟದಲ್ಲಿ ಹೈಕೋರ್ಟು. ಅದು ಇಡೀ ರಾಜ್ಯಕ್ಕೆ ದೊಡ್ಡದು. ಅಲ್ಲಿನ ಜಡ್ಜು ಒಂಟೆರಾಯರು. ಬಾಗಿಲಲ್ಲಿ ಅದೇ ಕಾಗೆ. ತಲೆಯ ಮೇಲೆ ಮೂರು ರುಮಾಲು.

"ಯಾರಮ್ಮ? ಏನಾಯ್ತು?"

"ಅಣ್ಣ, ನೀನು..."

"ಈ ಕೋರ್ಟು ಬೇರೆ! ಮೊದಲಿನಿಂದ ಹೇಳು."

"ಗಂಟೆ ಬಿತ್ತಣ್ಣ. ಹುಂಜಣ್ಣ ಎತ್ತಿದ. ಕೇಳಿದರೆ ಕೊಡಲಿಲ್ಲ. ಕೋಣರಾಯರು ಆಡು ಅಂದರು, ಆಡಿದೆ, ಸೋತೆ. ಆಮೆರಾಯರು ಸಾಕು ಅಂದರು, ಸುಮ್ಮನಾದೆ, ಸೋತೆ. ಅದಕ್ಕೇ ಒಂಟೆರಾಯರ ಹತ್ತಿರ ಬಂದೆ."

ಒಂಟೆರಾಯರ ಕತ್ತು ಉದ್ದ. ತಲೆ ಸೂರು ದಾಟಿ ಆಚೆ ಇತ್ತು. ಕೆಳಗೆ ಬೆಳ್ಳವ್ವ ಮ್ಯಾ ಅಂದರೆ ಅವರಿಗೆ ಸೊಳ್ಳೆ ಗುಂಯ್ ಅಂದ ಹಾಗೆ.

ಕಾಗೆ ಹಾರಿ ಹೋಗಿ ಎಲೆ ತೋರಿಸಿತು.

"ಆಡು ಆಡಿತು. ಹೂಂ. ಆಡಿದ್ದು ಸಾಕು. ಹೂಂ ಹೂಂ. ಇಬ್ಬರು ನೋಡಿದ್ದಾರೆ. ಇಬ್ಬರು ತಪ್ಪುತ್ತಾರೆಯೇ?"

"ತಪ್ಪಿದ್ದಾರೆ ಬುದ್ಧೀ!" ಬೆಳ್ಳವ್ವ ಕೆಳಗಿನಿಂದ ಕೂಗಿದಳು.

"ಇಲ್ಲಿ ಬಹಳ ಸೊಳ್ಳೆ," ಅಂದರು ಒಂಟೆರಾಯರು. ಮೂರನೆಯ ಎಲೆಯ ಮೇಲೆ ಬರೆದರು. *ಸರಿಯಾಗಿದೆ.*

ಬೆಳ್ಳವ್ವ ಹೊರಗೆ ಬಂದು ಕೂತಳು. ಮೊಣಕಾಲು ನೋವು. ಹೊಟ್ಟೆ ಖಾಲಿ. ಚೆಂಗನನ್ನು ಕರೆಯುತ್ತ ಕರೆಯುತ್ತ ದನಿಯೂ ಸೋತಿತ್ತು. ಒಂದು ಗಳಿಗೆ ಅವಳಿಗೆ ಅನ್ನಿಸಿತು, ಸಾಕಪ್ಪಾ, ಇಳಿದು ಹೋಗೋಣ.

ಆಮೇಲೆ ಕಣ್ಣು ಮುಚ್ಚಿದಳು. "ದೇವರೇ, ಗುಡ್ಡ ಮಾಡಿದವನು ನೀನು. ಗೊರಸು ಕೊಟ್ಟವನೂ ನೀನು. ಹತ್ತಲಿ ಅಂತಲೇ ಕೊಟ್ಟಿರಬೇಕು."

ಎದ್ದಳು. ಕೊಂಬಿನಲ್ಲಿ ಮೂರು ಎಲೆ.

"ಅವ್ವಾ, ಮೂರಿವೆ. ತುದಿ ಮಾತ್ರ ತಿನ್ನಲೇ?"

"ಬೇಡ ಮಗಾ. ಅದು ಎಲೆಯಲ್ಲ, ಕಡತ."

ನಾಲ್ಕು ಹೆಜ್ಜೆ ಹತ್ತಿದಳು. "ಮಗಾ, ಇದ್ದೀಯಾ?"

"ಇದ್ದೀನವ್ವಾ!"

ಗುಡ್ಡದ ನೆತ್ತಿಯಲ್ಲಿ ಸುಪ್ರೀಂ ಕೋರ್ಟು. ಇಡೀ ದೇಶಕ್ಕೆ ಅದೇ ದೊಡ್ಡದು. ಅದರ ಮೇಲೆ ಇನ್ನು ಕೋರ್ಟಿಲ್ಲ, ಆಕಾಶ. ಅಲ್ಲಿ ಆನೆ ಇರಬಹುದು, ಸಿಂಹ ಇರಬಹುದು ಅಂದುಕೊಂಡಳು ಬೆಳ್ಳವ್ವ. ನೋಡಿದರೆ ದೊಡ್ಡ ಕುರ್ಚಿಯ ಮೇಲೆ ಪುಟ್ಟ ಮೊಲಮ್ಮನವರು. ಆದರೆ ಮಕ್ಕಳೇ, ಕಿವಿ ನೋಡಬೇಕಿತ್ತು! ಕುರ್ಚಿಗಿಂತ ಎತ್ತರ!

ಬಾಗಿಲಲ್ಲಿ ಅದೇ ಕಾಗೆ. ತಲೆಯ ಮೇಲೆ ನಾಲ್ಕು ರುಮಾಲು. ಕತ್ತು ಅಲುಗಿಸುವಂತಿಲ್ಲ.

"ಯಾರಮ್ಮ? ಏನಾಯ್ತು?"

"ಗಂಟೆ ಬಿತ್ತಣ್ಣ. ಹುಂಜಣ್ಣ ಎತ್ತಿದ. ಕೇಳಿದರೆ ಕೊಡಲಿಲ್ಲ. ಕೋಣರಾಯರು ಆಡು ಅಂದರು, ಆಡಿದೆ, ಸೋತೆ. ಆಮೆರಾಯರು ಸಾಕು ಅಂದರು, ಸುಮ್ಮನಾದೆ, ಸೋತೆ. ಒಂಟೆರಾಯರು ಸರಿ ಅಂದರು, ಸರಿದು ನಿಂತೆ, ಸೋತೆ. ಅದಕ್ಕೇ ಮೊಲಮ್ಮನವರ ಹತ್ತಿರ ಬಂದೆ."

ಮೊಲಮ್ಮನವರು ಎಲೆ ಕೈಗೆ ತೆಗೆದುಕೊಂಡರು. ಮೂಗು ಅಲುಗಿತು. ಹಲಸಿನ ಎಲೆ! ಅವರಿಗೂ ಬೆಳಗಿನಿಂದ ಊಟವಿಲ್ಲ. ಬಾಯಲ್ಲಿ ನೀರು ಬಂತು. "ಅದು ಕಡತ," ಅಂತ ತಮಗೆ ತಾವೇ ಹೇಳಿಕೊಂಡು ಓದಿದರು.

ಮೂರನೆಯ ಎಲೆ. "ಸರಿಯಾಗಿದೆ."

ಎರಡನೆಯ ಎಲೆ. "ಆಡಿದ್ದು ಸಾಕು."

ಮೊದಲನೆಯ ಎಲೆ. "ಆಡು ಆಡಿತು." ಅಲ್ಲಿ ನಿಂತರು. ಬಲಗಿವಿ ನೆಟ್ಟಗಾಯಿತು. ಎಡಗಿವಿ ನೆಟ್ಟಗಾಯಿತು.

"ಏನು ಆಡಿತು?"

ಈ ತನಕ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

"ಮಾತು ಆಡಿತೋ? ಆಟ ಆಡಿತೋ?"

ಕಾಗೆಯ ಮೇಲಿನ ರುಮಾಲು ಜಾರಿ ಬಿತ್ತು.

"ನಿನ್ನ ಹೆಸರೇನಮ್ಮ?" ಕೇಳಿದರು ಮೊಲಮ್ಮನವರು.

"ಬೆಳ್ಳವ್ವ, ತಾಯಿ."

"ಬೆಳ್ಳವ್ವ, ಕೆಳಗೆ ನೀನು ಏನು ಆಡಿದೆ?"

"ಆಟ, ತಾಯಿ. ದೊಡ್ಡವರು ಆಡು ಅಂದರು. ಮೂರು ಸಲ ಕುಪ್ಪಳಿಸಿ ಒಂದು ಸಲ ಹಾಯ್ದೆ. ಇಷ್ಟು ಸಾಲದೇನೋ, ಅದಕ್ಕೇ ಸೋತೆ ಅಂದುಕೊಂಡೆ."

ಮೊಲಮ್ಮನವರಿಗೆ ನಗುವೂ ಬಂತು, ಅಳುವೂ ಬಂತು. "ಒಬ್ಬಳ ಮಾತು ಕೇಳದೆ ಮೂರು ಕೋರ್ಟು ತೀರ್ಪು ಹೇಳಿವೆ! ಹಾಗೆ ಮಾಡುವಂತಿಲ್ಲ. ಇದು ನಿಲ್ಲುವುದಿಲ್ಲ."

"ಹಾಗಾದರೆ ಗಂಟೆ ಕೊಡಿಸಿ ತಾಯಿ!"

"ಗಂಟೆ ಯಾರದು ಅಂತ ನಾನು ಕಂಡೆನೇ? ಗಂಟೆ ಅಲ್ಲಿದೆ. ಹುಂಜ ಅಲ್ಲಿದ್ದಾನೆ. ಸಾಕ್ಷಿ ಅಲ್ಲಿದೆ. ಮತ್ತೆ ಅಲ್ಲೇ ಕೇಳಲಿ. ಈ ಸಲ ಸರಿಯಾಗಿ ಕೇಳಲಿ." ನಾಲ್ಕನೆಯ ಎಲೆಯ ಮೇಲೆ ಬರೆದರು. *ಬೆಳ್ಳವ್ವ ಆಟ ಆಡಿದ್ದಾಳೆ, ಮಾತು ಆಡಿಲ್ಲ. ಅವಳ ಮಾತು ಕೇಳಿ.*

ಮೇಲಿನವರ ಮಾತನ್ನು ಕೆಳಗಿನವರು ಮೀರುವಂತಿಲ್ಲ. ಸರಸರ ಇಳಿಯಿತು ನೋಡಿ!

ಮೊಲಮ್ಮನವರು ಒಂಟೆರಾಯರಿಗೆ ಕಳಿಸಿದರು. ಒಂಟೆರಾಯರು ಕತ್ತು ಬಗ್ಗಿಸಿ ಓದಿದರು. "ಅಯ್ಯೋ, ಅದು ಸೊಳ್ಳೆಯಾಗಿರಲಿಲ್ಲವೇ!" ಒಂಟೆರಾಯರು ಆಮೆರಾಯರಿಗೆ ಕಳಿಸಿದರು. ಆಮೆರಾಯರು ತಲೆ ಹೊರಗೆ ತೆಗೆದರು, ನಾಚಿಕೆಯಾಗಿ ಒಳಗೆ ಎಳೆದುಕೊಂಡರು, ಒಳಗಿನಿಂದಲೇ ಕೋಣರಾಯರಿಗೆ ಕಳಿಸಿದರು. ಕೋಣರಾಯರು ಓದಿದರು. ಬಾಯಲ್ಲಿದ್ದ ಹುಲ್ಲನ್ನೆಲ್ಲ ಉಗುಳಿದರು.

ಬೆಳ್ಳವ್ವನೂ ಇಳಿದಳು. ಬುಡಕ್ಕೆ ಬಂದಳು.

"ಮಗಾ, ಇದ್ದೀಯಾ?"

ಸದ್ದಿಲ್ಲ.

"ಮಗಾ, ಇದ್ದೀಯಾ?"

ಸದ್ದಿಲ್ಲ.

"ಚೆಂಗಾ!"

ಚೆಂಗ ಇರಲಿಲ್ಲ. ಹಳದಿ ಚಿಟ್ಟೆಯೊಂದು ಹಾರಿತ್ತು. ಅದರ ಹಿಂದೆ ಚೆಂಗ್ ಅಂತ ಹಾರಿದ್ದ. ಎದುರಿಗೆ ಕುರುಚಲು ಕಾಡು. ಕಾಡಿನಲ್ಲಿ ತೋಳ. ಬೆಳ್ಳವ್ವನ ಕಣ್ಣಿಗೆ ಎಲ್ಲ ಮಂಜು.

ಅಷ್ಟರಲ್ಲಿ ಕಾಗೆ ಕೂಗಿತು. "ಬೆಳ್ಳವ್ವ! ಬೆಳ್ಳವ್ವ! ಬೆಳ್ಳವ್ವ!"

ಕೋಣರಾಯರು ಬಾಯಿ ಒರೆಸಿಕೊಂಡು, ಬಿಡಿಸಿ ಬಿಡಿಸಿ ಹೇಳಿದರು. "ಬೆಳ್ಳವ್ವ, ಮಾತು ಆಡು. ನಾನು ಕೇಳುತ್ತೇನೆ."

ಬೆಳ್ಳವ್ವ ಕಾಡಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ಆದರೂ ಆಡಿದಳು.

"ದೇವರ ಮೇಲಾಣೆ ಬುದ್ಧೀ, ಸತ್ಯವನ್ನೇ ಹೇಳ್ತೀನಿ. ನನಗೆ ಕಣ್ಣು ಮಂಜು. ನನ್ನ ಮಗ ಈಗ ಇಲ್ಲಿಲ್ಲ. ಎಲ್ಲಿದ್ದಾನೋ ಗೊತ್ತಿಲ್ಲ. ಆ ಗಂಟೆ ಹೊಡೆಸಿ. ಅದು ಹುಂಜಣ್ಣನದಾದರೆ ಮೋಡ ಸರಿದು ಸೂರ್ಯ ಬರಲಿ. ನನ್ನ ಮಗನದಾದರೆ ನನ್ನ ಮಗ ಬರಲಿ."

"ಹುಂಜ, ನೀನೇನು ಹೇಳುತ್ತೀ?" ಕೇಳಿದರು ಕೋಣರಾಯರು. ಅವನ ಮಾತೂ ಕೇಳಬೇಕಲ್ಲ.

"ಹೊಡೀತೀನಿ," ಅಂದ ಹುಂಜಣ್ಣ ಪಿಸುಮಾತಿನಲ್ಲಿ. "ಸೂರ್ಯ ಬರ್ತಾನೆ ನೋಡಿ."

ಗಂಟೆ ಹೊಡೆದ. ಟಿಣ್!

ಎಲ್ಲರೂ ಆಕಾಶ ನೋಡಿದರು. ಮೋಡ ಇದ್ದ ಹಾಗೇ ಇತ್ತು. ಬೆಳ್ಳವ್ವ ಮಾತ್ರ ಕಾಡಿನ ಕಡೆ ಕಿವಿ ಕೊಟ್ಟಿದ್ದಳು. ಸದ್ದಿಲ್ಲ.

ಮತ್ತೆ ಹೊಡೆದ. ಟಿಣ್! ಮೋಡ ಇದ್ದ ಹಾಗೇ ಇತ್ತು. ಕಾಡಿನಲ್ಲಿ ಸದ್ದಿಲ್ಲ. ಬೆಳ್ಳವ್ವ ಉಸಿರು ಹಿಡಿದಳು. ದೇವರೇ, ದೇವರೇ, ದೇವರೇ.

ಮತ್ತೆ ಹೊಡೆದ. ಟಿಣ್!

ಸರ್. ಸರ್. ಸರಸರ. ಚೆಂಗ್!

ಪೊದೆಯಿಂದ ಚೆಂಗ ಹಾರಿ ಬಂದ. ಮೈತುಂಬ ಮುಳ್ಳು, ಮೂಗಿನ ಮೇಲೆ ಜೇಡನ ಬಲೆ. ಓಡಿ ಬಂದು ಹುಂಜಣ್ಣನ ಮುಂದೆ ನಿಂತ. ಗಂಟೆಯ ಕೆಳಗೆ ಕೊರಳು ಒಡ್ಡಿದ.

"ಎಲ್ಲಿಗೆ ಹೋಗಿದ್ದೆಯೋ ಮಗಾ!"

"ಕಾಡಲ್ಲಿದ್ದೆ ಅವ್ವಾ. ಇಲ್ಲಿ ನನ್ನ ಸದ್ದು ಕೇಳಿಸ್ತು. ನಾನು ಅಲ್ಲಿದ್ದರೆ ಇಲ್ಲಿ ಯಾರು ನಾನು ಅಂತ ನೋಡಕ್ಕೆ ಬಂದೆ."

ಇಡೀ ಕೋರ್ಟು ನಕ್ಕಿತು. ಕೋಣರಾಯರು ಹೇಳಿದರು. "ಸಾಕ್ಷಿ ತಾನೇ ನಡೆದು ಬಂತು. ಗಂಟೆ ಮರಿಯದು! ಗುಮಾಸ್ತರೇ, ಬಿಡಿಸಿ ಬರೆಯಿರಿ."

ಹುಂಜಣ್ಣ ತಲೆ ತಗ್ಗಿಸಿ ಗಂಟೆ ಕೊಟ್ಟ. ಅವನ ಕಣ್ಣಲ್ಲಿ ನೀರು. "ಇನ್ನು ನನ್ನನ್ನು ಯಾರು ಕೇಳ್ತಾರೆ?" ಅಂದ. ಅದೂ ಪಿಸುಮಾತೇ.

ಬೆಳ್ಳವ್ವನಿಗೆ ಕೇಳಿಸಿತು. "ಬಾರಣ್ಣ," ಅಂದಳು. "ಬಿಸಿ ಹಾಲು ಕೊಡ್ತೀನಿ. ಮೆಣಸು ಹಾಕ್ಕೊಂಡು ಕುಡಿ. ಮೂರು ದಿನದಲ್ಲಿ ಗಂಟಲು ಬಿಡತ್ತೆ." ಇದನ್ನು ಯಾವ ಕೋರ್ಟೂ ಹೇಳಿರಲಿಲ್ಲ ಮಕ್ಕಳೇ. ಅವಳ ಒಳಗಿದ್ದ ದೇವರು ಹೇಳಿದ.

ಹೀಗೆ ಮೊಲಮ್ಮನವರು ಕೇಳಿದರು, ಒಂಟೆರಾಯರು ಬಗ್ಗಿದರು. ಒಂಟೆರಾಯರು ಬಗ್ಗಿದರು, ಆಮೆರಾಯರು ನಾಚಿದರು. ಆಮೆರಾಯರು ನಾಚಿದರು, ಕೋಣರಾಯರು ಉಗುಳಿದರು. ಕೋಣರಾಯರು ಉಗುಳಿದರು, ಬೆಳ್ಳವ್ವ ಆಡಿದಳು. ಬೆಳ್ಳವ್ವ ಆಡಿದಳು, ಹುಂಜಣ್ಣ ಹೊಡೆದ. ಹುಂಜಣ್ಣ ಹೊಡೆದ, ಚೆಂಗ ಬಂದ. ಚೆಂಗ ಬಂದ, ಗಂಟೆ ಕೊರಳಿಗೆ ಬಂತು.

ಟಿಣ್ ಟಿಣ್. ಟಿಣ್ ಟಿಣ್.

ಬೆಳ್ಳವ್ವ ಬೆಳಗಿನಿಂದ ಮೊದಲ ಸಲ ಹುಲ್ಲಿಗೆ ಬಾಯಿ ಹಾಕಿದಳು.

ಹಾಲು ಹುಂಜಕ್ಕೆ, ಹುಲ್ಲು ಆಡಿಗೆ, ಕಥೆ ನಿಮಗೆ, ಕೈ ಮುಗಿದದ್ದು ದೇವರಿಗೆ.